ಮೆಡಿಕಲ್ ಸೀಟು ಒಂದು ವರ್ಷ ಡಿಫರ್ ಮಾಡಿಸ್ಕೊಂಡಿದ್ದೆ (ಮುಂದಕ್ಕೆ ಹಾಕಿಸ್ಕೊಂಡಿದ್ದೆ), ಕ್ಲಾಸ್ ಶುರುವಾಗೋಕೆ ಇನ್ನು ಐದು ತಿಂಗಳು, ಹೇಗೆ ತಯಾರಾಗ್ಲಿ?

ಹೊಸಪುಟ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಂಗೆ ಸೀಟು ಸಿಕ್ಕಿದ್ದು ಹೋದ ವರ್ಷ. ಸೇರೋಕೆ ಮೂರು ವಾರ ಇದೆ ಅನ್ನೋವಾಗ ನಮ್ಮಜ್ಜಿ ಬಾತ್‌ರೂಮಲ್ಲಿ ಜಾರಿ ಬಿದ್ರು, ಸೊಂಟದ ಹತ್ರ ತೊಡೆಮೂಳೆ ಮುರೀತು. ನನ್ನನ್ನ ಸಾಕಿದ್ದು ಅವ್ರೇ, ಮನೇಲಿ ಇರೋದು ನಾವಿಬ್ರೇ. ಆಪರೇಷನ್ ಆದ್ಮೇಲೆ ಬಿಟ್ಟು ಹೋಗೋ ಪ್ರಶ್ನೆನೇ ಇರ್ಲಿಲ್ಲ, ಹಂಗಾಗಿ ಕಾಲೇಜಿಗೆ ಪತ್ರ ಬರೆದೆ, ಅವ್ರು ಒಂದು ವರ್ಷ ಡಿಫರ್ ಮಾಡಿಕೊಟ್ರು. ಈಗ ಅಜ್ಜಿ ವಾಕರ್ ಹಿಡ್ಕೊಂಡು ಮನೆಯೊಳಗೆ ಓಡಾಡ್ತಾರೆ.

ನನ್ನ ಭಯ ಏನಂದ್ರೆ ಈ ಏಳು ತಿಂಗಳಲ್ಲಿ ಪುಸ್ತಕ ಅನ್ನೋದು ಕೈಗೇ ಬಂದಿಲ್ಲ, ಓದಿದ್ದ ಬಯಾಲಜಿ ಕೆಮಿಸ್ಟ್ರಿ ಎಲ್ಲಾ ಹೊರಟೋಗಿದೆ ಅನ್ಸುತ್ತೆ. ಮೂರು ವಾರದಿಂದ ಒಂದು ದಪ್ಪ ಅನಾಟಮಿ ಪುಸ್ತಕ ತಗೊಂಡು ಕೂತಿದೀನಿ, ನಲವತ್ತು ಪುಟ ಆಯ್ತು, ಮೂರ್ನಾಲ್ಕು ಬಣ್ಣದಲ್ಲಿ ಗೆರೆ ಹಾಕಿದೀನಿ, ಪುಸ್ತಕ ಮುಚ್ಚಿದ್ರೆ ಒಂದು ವಾಕ್ಯನೂ ನೆನಪಿಲ್ಲ. ಇನ್ನೊಂದು ವಿಷ್ಯ, ಶವದ ಮುಂದೆ ನಿಂತ್ಕೊಳ್ಳೋದು ನನ್ನ ಕೈಲಿ ಆಗುತ್ತಾ ಅಂತ ರಾತ್ರಿ ಎಲ್ಲಾ ಯೋಚ್ನೆ ಬರುತ್ತೆ. ಈ ಐದು ತಿಂಗಳಲ್ಲಿ ಏನ್ ಓದ್ಲಿ, ಯಾವುದರಿಂದ ಶುರು ಮಾಡ್ಲಿ, ಬೇರೆ ಏನಾದ್ರೂ ತಯಾರಿ ಬೇಕಾ, ಅನುಭವ ಇರೋರು ಹೇಳಿ ಪ್ಲೀಸ್.

ಎರಡನೇ_ವರ್ಷ:

ತಂಗಿ, ಮೊದಲು ಆ ದಪ್ಪ ಪುಸ್ತಕ ಮುಚ್ಚಿಡು. ನಾನೂ ಸೇರೋ ಮುಂಚೆ ಎರಡು ತಿಂಗಳು ಕೂತು ಅಪ್ಪರ್ ಲಿಂಬ್ ಪೂರ್ತಿ ಓದ್ಕೊಂಡು ಹೋಗಿದ್ದೆ, ಅಲ್ಲಿ ನೋಡಿದ್ರೆ ಥೊರಾಕ್ಸಿಂದ (ಎದೆ ಭಾಗ) ಶುರು ಮಾಡಿದ್ರು, ಕೈ ಬರೋ ಹೊತ್ತಿಗೆ ಓದಿದ್ದೆಲ್ಲ ಅಳಿಸಿಹೋಗಿತ್ತು. ಕಾಲೇಜಲ್ಲಿ ಎರಡು ದಿನಕ್ಕೆ ಮುಗಿಸೋದನ್ನ ಮನೇಲಿ ಒಬ್ರೇ ಎರಡು ವಾರ ಎಳೀತೀವಿ, ಯಾವುದು ಮುಖ್ಯ ಯಾವುದು ಬಿಡಬಹುದು ಅಂತ ತೋರಿಸೋರು ಯಾರೂ ಇರಲ್ವಲ್ಲ.

ಓದೋದಕ್ಕಿಂತ ಅರ್ಜೆಂಟಾಗಿರೋದು ಲಸಿಕೆ. ನಿಜವಾಗ್ಲೂ ಹೇಳ್ತಿದೀನಿ, ಇದೊಂದು ಕೆಲಸ ಎಷ್ಟು ಬುದ್ಧಿವಂತರಾದ್ರೂ ಕೊನೇ ವಾರದಲ್ಲಿ ಮಾಡಿ ಮುಗಿಸೋಕಾಗಲ್ಲ, ಯಾಕಂದ್ರೆ ಅದಕ್ಕೆ ಬೇಕಾಗಿರೋದು ದಿನಗಳು. ಹೆಪಟೈಟಿಸ್ ಬಿ ಸಾಮಾನ್ಯವಾಗಿ 0, 1, 6 ತಿಂಗಳು ಅಂತ ಮೂರು ಡೋಸು, ನೀನು ನಾಳೆನೇ ಮೊದಲನೇದು ಹಾಕಿಸ್ಕೊಂಡ್ರೂ ಮೂರನೇದು ಕ್ಲಾಸ್ ಶುರುವಾದ ಮೇಲೇ ಬೀಳುತ್ತೆ. ಚಿಕ್ಕವಳಿದ್ದಾಗ ಹಾಕಿಸಿದ್ರೆ ಆ ಕಾರ್ಡ್ ಹುಡುಕಿ ಇಟ್ಕೋ, ಅದರ ಜೊತೆ ಆಂಟಿಬಾಡಿ ಎಷ್ಟಿದೆ ಅಂತ ರಕ್ತಪರೀಕ್ಷೆನೂ ಕೇಳಬಹುದು, 10 ಯೂನಿಟ್ ಅಥವಾ ಅದಕ್ಕಿಂತ ಮೇಲಿದ್ರೆ ರಕ್ಷಣೆ ಇದೆ ಅಂತ ಲೆಕ್ಕ. ಹೊಸದಾಗಿ ಹಾಕಿಸ್ಕೊಂಡೋರು ಕೊನೇ ಡೋಸಾಗಿ ಒಂದೆರಡು ತಿಂಗಳಿಗೆ ಆ ಟೆಸ್ಟ್ ಮಾಡಿಸ್ಬೇಕು. ದಡಾರ-ಮಂಗನಬಾವು-ರುಬೆಲ್ಲಾ ಸೇರಿರೋ ಲಸಿಕೆ ಎರಡು ಡೋಸು, ಮಧ್ಯೆ ಕನಿಷ್ಠ 28 ದಿನ ಬೇಕು. ಚಿಕನ್‌ಪಾಕ್ಸ್ ನಿಂಗೆ ಬಂದಿತ್ತಾ ಇಲ್ವಾ ಅಂತ ಅಜ್ಜಿನೇ ಕೇಳು, ಅವ್ರಿಗೆ ಗೊತ್ತಿರುತ್ತೆ. ಇನ್ನೊಂದು, ಟಿಬಿಗೆ ಚರ್ಮದ ಟೆಸ್ಟ್ ಕೇಳಿದ್ರೆ ಅದನ್ನ ಈ ದಡಾರ ಲಸಿಕೆ ದಿನವೇ ಮಾಡಿಸ್ಕೋ, ಇಲ್ಲಾಂದ್ರೆ ನಾಲ್ಕು ವಾರ ಬಿಟ್ಟು ಮಾಡಿಸ್ಕೋ, ಮಧ್ಯದಲ್ಲಿ ಮಾಡಿಸಿದ್ರೆ ರಿಸಲ್ಟ್ ತಪ್ಪು ಬರಬಹುದು. 48ರಿಂದ 72 ಗಂಟೆ ಒಳಗೆ ವಾಪಸ್ ಹೋಗಿ ತೋರಿಸ್ಬೇಕು, ನಮ್ಮ ಬ್ಯಾಚಲ್ಲಿ ಒಬ್ಬಳು ಶುಕ್ರವಾರ ಹಾಕಿಸ್ಕೊಂಡು ಸೋಮವಾರ ಸಾಯಂಕಾಲ ಹೋದ್ಲು, ಮತ್ತೆ ಮೊದಲಿಂದ ಮಾಡಿಸ್ಬೇಕಾಯ್ತು.

ಹಾಂ, ಡಿಫರ್ ಕೊಟ್ಟಿರೋ ಪತ್ರ ಇನ್ನೊಂದ್ಸಲ ತೆಗೆದು ಓದು. ಬರ್ತೀನಿ ಅಂತ ಇಂಥ ದಿನದೊಳಗೆ ಖಚಿತ ಮಾಡ್ಬೇಕು ಅಂತ ಒಂದು ತಾರೀಖು ಇರುತ್ತೆ ಸಾಮಾನ್ಯವಾಗಿ, ಅದು ಕ್ಲಾಸಿಗಿಂತ ಎಷ್ಟೋ ಮುಂಚೆ ಇರಬಹುದು. ಫೋನಲ್ಲಿ ಹೇಳ್ಬೇಡ, ಬರೆದು ಕಳಿಸು, ಉತ್ತರನೂ ಬರಹದಲ್ಲೇ ತಗೋ.

ನಿಧಾನ_ಓದು:

ಲಸಿಕೆ ವಿಷ್ಯ ನೂರಕ್ಕೆ ನೂರು ಸರಿ. ಆದ್ರೆ ಏನೂ ಓದ್ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಪರೀಕ್ಷೆ ಮುಗಿಸಿ ನೇರವಾಗಿ ಸೇರೋರಿಗೆ ಅದು ಸರಿ, ಒಂದು ವರ್ಷ ಬಿಟ್ಟು ಬರೋರಿಗೆ ಮರೆತುಹೋಗಿರೋದು ಪಾಠ ಮಾತ್ರ ಅಲ್ಲ, ಕೂರೋ ಅಭ್ಯಾಸನೇ ಹೋಗಿರುತ್ತೆ. ನಾನೂ ಗ್ಯಾಪ್ ತಗೊಂಡು ಸೇರಿದೋನು, ಮೊದಲ ತಿಂಗಳು ಇಪ್ಪತ್ತು ನಿಮಿಷ ಆದ ತಕ್ಷಣ ಎದ್ದು ಓಡಾಡ್ಬೇಕು ಅನ್ಸೋದು. ಹಾಗಾಗಿ ದಿನಾ ಒಂದೇ ಟೈಮಿಗೆ, ಫೋನ್ ಬೇರೆ ರೂಮಲ್ಲಿಟ್ಟು, ಮುಕ್ಕಾಲು ಗಂಟೆ ಕೂರೋದನ್ನ ಶುರು ಮಾಡಿ.

ಇನ್ನು ನೆನಪಿನ ವಿಷ್ಯ. ನೀವು ನಲವತ್ತು ಪುಟ ಓದಿ ಒಂದೂ ನೆನಪಿಲ್ಲ ಅಂದ್ರಲ್ಲ, ಅದು ನಿಮ್ಮ ತಲೆ ತಪ್ಪಲ್ಲ, ಓದೋ ರೀತಿದು. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕ್ ಅಂತ ಇಬ್ರು ಒಂದು ಪ್ರಯೋಗ ಮಾಡಿದ್ರು, ಕೆಲವು ಸ್ಟೂಡೆಂಟ್ಸ್ ಒಂದು ಬರಹನ ಮತ್ತೆ ಮತ್ತೆ ಓದಿದ್ರು, ಕೆಲವರು ಒಂದ್ಸಲ ಓದಿ ಆಮೇಲೆ ನೋಡದೆ ನೆನಪಿಂದ ಬರೆದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದೋರೇ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿಂದ ಬರೆದೋರು ಮುಂದೆ ಹೋಗಿದ್ರು. ಓದ್ತಾ ಇರೋವಾಗ ಎಲ್ಲಾ ಬರ್ತಿದೆ ಅನ್ಸುತ್ತಲ್ಲ, ಮೋಸ ಆಗೋದೇ ಅಲ್ಲಿ. ಬಣ್ಣ ಹಚ್ಚೋದು ಬಿಟ್ಟು ಪುಟ ಮುಚ್ಚಿ ಖಾಲಿ ಹಾಳೆ ಮೇಲೆ ಬರೀರಿ, ಎಷ್ಟು ಕಮ್ಮಿ ಬಂದ್ರೂ ಪರವಾಗಿಲ್ಲ, ಆಮೇಲೆ ತೆರೆದು ಬಿಟ್ಟುಹೋಗಿರೋದನ್ನ ಬೇರೆ ಬಣ್ಣದಲ್ಲಿ ತುಂಬಿ.

ಆಂಕಿ ಆಪ್ ಕೇಳಿರ್ತೀರ, ಪ್ರಶ್ನೆ-ಉತ್ತರದ ಕಾರ್ಡುಗಳನ್ನ ದಿನ ಬಿಟ್ಟು ಬಿಟ್ಟು ಮತ್ತೆ ತೋರಿಸೋದು. ಈಗಲೇ ಅದರಲ್ಲಿ ಕೈ ಪಳಗಿಸ್ಕೊಳ್ಳಿ, ದಿನಕ್ಕೆ ಹತ್ತು ಹೊಸ ಕಾರ್ಡ್ ಸಾಕು, ಯಾರೋ ಮಾಡಿಟ್ಟ ಸಾವಿರಾರು ಕಾರ್ಡಿನ ಡೆಕ್ ಡೌನ್‌ಲೋಡ್ ಮಾಡಿ ದಿನಕ್ಕೆ ನೂರು ಅಂತ ಹಾಕ್ಕೊಂಡ್ರೆ ಎರಡು ವಾರದಲ್ಲಿ ಹಳೇ ಕಾರ್ಡುಗಳೇ ಗುಡ್ಡೆ ಬಿದ್ದು ಆಪ್ ತೆಗೆಯೋಕೇ ಭಯ ಆಗುತ್ತೆ. ಯಾವ ಕಾರ್ಡ್ ಅಂದ್ರೆ ಪದಗಳದ್ದು. ವೈದ್ಯಕೀಯದ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಲ್ಯಾಟಿನ್ ತುಂಡುಗಳನ್ನ ಜೋಡಿಸಿರೋದು. 'ಐಟಿಸ್' ಅಂದ್ರೆ ಉರಿಯೂತ, 'ಎಕ್ಟಮಿ' ಅಂದ್ರೆ ಕತ್ತರಿಸಿ ತೆಗೆಯೋದು, 'ಆಸ್ಟಮಿ' ಅಂದ್ರೆ ದಾರಿ ಮಾಡಿ ಬಾಯಿ ಬಿಡಿಸೋದು, 'ಆಸ್ಟಿಯೋ' ಮೂಳೆ, 'ಹೆಪಟೋ' ಲಿವರ್, 'ನೆಫ್ರೋ' ಕಿಡ್ನಿ. ಇಂಥ ನೂರೈವತ್ತು ತುಂಡು ಗೊತ್ತಿದ್ರೆ ಮೊದಲ ತಿಂಗಳು ಲೆಕ್ಚರಲ್ಲಿ ಬೇರೆ ಭಾಷೆ ಕೇಳಿದಂಗೆ ಆಗಲ್ಲ. ಸಿಲಬಸ್ ಎಲ್ಲಿಂದ ಶುರುವಾದ್ರೂ ಇದು ವ್ಯರ್ಥ ಆಗಲ್ಲ, ನಾನು ಓದಿ ಅಂತ ಹೇಳೋದು ಇದೊಂದನ್ನೇ.

ಎರಡನೇ_ವರ್ಷ:

ಪದಗಳು ಓಕೆ, ಅದು ಒಪ್ಪಿದೆ.

ಟೇಬಲ್_ಪಕ್ಕ:

ನಾನು ಅನಾಟಮಿ ಪಾಠ ಮಾಡೋಳು, ಹತ್ತೊಂಬತ್ತು ವರ್ಷ ಆಯ್ತು. ಶವದ ಬಗ್ಗೆ ಕೇಳಿದೀಯಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ ಪುಟ್ಟಿ.

ಭಯ ಆಗುತ್ತೆ, ಆಗ್ಲಿ. ಮೊದಲ ದಿನ ಖಾಲಿ ಹೊಟ್ಟೇಲಿ ಬರ್ಬೇಡ, ನಿಂತಾಗ ಮಂಡಿ ಬಿಗಿ ಹಿಡಿದು ನಿಲ್ಬೇಡ, ತಲೆ ಸುತ್ತಿ ಬೀಳೋ ಮಕ್ಕಳಲ್ಲಿ ಬಹಳಷ್ಟು ಜನ ಈ ಎರಡರಲ್ಲಿ ಒಂದು ಮಾಡಿರ್ತಾರೆ. ಶವ ಕೆಡದಂಗೆ ಇಡೋ ಫಾರ್ಮಲಿನ್ ಕಣ್ಣು ಉರಿಸುತ್ತೆ, ಕಾಂಟ್ಯಾಕ್ಟ್ ಲೆನ್ಸ್ ಹಾಕೋಳಾದ್ರೆ ಅವತ್ತು ಕನ್ನಡಕ ಹಾಕ್ಕೊಂಡು ಬಾ, ಕೂದಲು ಕಟ್ಕೋ, ಡಿಸೆಕ್ಷನ್ ಹಾಲ್‌ಗೆ (ಶವ ಬಿಡಿಸಿ ನೋಡೋ ಕೋಣೆ) ಅಂತಲೇ ಒಂದು ಜೊತೆ ಬಟ್ಟೆ ಬೇರೆ ಇಡು. ದೇಹದಾನ ಮಾಡಿದೋರ ಮುಂದೆ ನಾವು ಮೊದಲು ಒಂದು ನಿಮಿಷ ಸುಮ್ನೆ ನಿಲ್ತೀವಿ. ಮುಖಕ್ಕೆ ಬಟ್ಟೆ ಮುಚ್ಚಿರ್ತೀವಿ. ಮೊದಲ ದಿನ ಕೈ ಮುಟ್ಟಿ ನೋಡಿದ್ರೆ ಸಾಕು, ನಾನು ಯಾರಿಗೂ ಚಾಕು ಕೊಡಲ್ಲ.

ನಿನಗೆ ಅಂತ ಒಂದು ವಿಷ್ಯ ಮುಂಚೆನೇ ಹೇಳಿಡ್ಬೇಕು. ಒಂದ್ಸಲ ನಮ್ಮ ಟೇಬಲ್ ಮೇಲಿದ್ದ ದೇಹದಲ್ಲಿ ಸೊಂಟದ ಸ್ನಾಯು ಬಿಡಿಸ್ತಾ ಹೋದಾಗ ಒಳಗೆ ಲೋಹದ ಚೆಂಡು ಕಾಣಿಸ್ತು, ನಿಮ್ಮಜ್ಜಿಗೆ ಹಾಕಿರಬಹುದಲ್ಲ, ಅಂಥದ್ದೇ. ಒಬ್ಬ ಹುಡುಗ ಗ್ಲೌಸ್ ಬಿಚ್ಚಿಟ್ಟು ಹೊರಗೆ ಹೋಗ್ಬಿಟ್ಟ. ಅವರ ತಾತನಿಗೂ ಅದೇ ಆಪರೇಷನ್ ಆಗಿತ್ತಂತೆ. ಕಾರಿಡಾರಲ್ಲಿ ಹದಿನೈದು ನಿಮಿಷ ಕೂತಿದ್ದ, ನಾನೂ ಹೋಗಿ ಪಕ್ಕದಲ್ಲಿ ಕೂತೆ, ಆಮೇಲೆ ಅವನೇ ಎದ್ದು ಬಂದು ಆ ದಿನದ ಕೆಲಸ ಮುಗಿಸ್ದ. ನಿಂಗೂ ಹಂಗಾದ್ರೆ ಹೊರಗೆ ಹೋಗು, ಹೇಳಿ ಹೋಗು ಅಷ್ಟೇ.

ಇನ್ನು ಓದೋ ವಿಷ್ಯ. ನಿಂಗೆ ಅನಾಟಮಿ ಗೊತ್ತಿಲ್ಲ ಅಂದ್ಕೊಂಡಿದೀಯ, ಏಳು ತಿಂಗಳು ಒಂದು ಮುರಿದ ತೊಡೆಮೂಳೆ ನೋಡ್ಕೊಂಡಿದೀಯಲ್ಲ! ಅಜ್ಜಿ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿ. ತೊಡೆಮೂಳೆ ಮೇಲೆ ಗುಂಡನೆ ತಲೆ, ಅದರ ಕೆಳಗೆ ಸಣ್ಣ ಕುತ್ತಿಗೆ. ಆ ತಲೆಗೆ ರಕ್ತ ಬರೋದು ಮುಖ್ಯವಾಗಿ ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಫೆಮೊರಲ್ ಅನ್ನೋ ರಕ್ತನಾಳದಿಂದ, ಅದರ ಸಣ್ಣ ಕವಲುಗಳು ಕೆಳಗಿಂದ ಕುತ್ತಿಗೆಗೆ ಅಂಟ್ಕೊಂಡು ಮೇಲೆ ಹತ್ತುತ್ತವೆ. ಕುತ್ತಿಗೆ ಮುರಿದು ಜರುಗಿದ್ರೆ ಆ ಕವಲುಗಳೂ ಹರಿದುಹೋಗಬಹುದು, ಆಗ ತಲೆ ರಕ್ತ ಇಲ್ದೆ ಸಾಯುತ್ತೆ. ವಯಸ್ಸಾದೋರಿಗೆ ಹಂಗಾದಾಗ ಎಷ್ಟೋ ಸಲ ಮೂಳೆ ಜೋಡಿಸೋಕೆ ಹೋಗ್ದೆ ತಲೆನೇ ತೆಗೆದು ಲೋಹದ್ದು ಕೂರಿಸೋದು ಇದಕ್ಕೇ.

ಈಗ ನಿನ್ನ ಹೆಬ್ಬೆರಳು ಮೇಲಕ್ಕೆ ಎತ್ತಿ ಹಿಡಿ. ಬುಡದಲ್ಲಿ, ಮಣಿಕಟ್ಟಿನ ಬದಿಗೆ, ಎರಡು ಹಗ್ಗ ಎದ್ದಂಗೆ ಕಾಣುತ್ತಲ್ಲ, ಅವು ಟೆಂಡನ್, ಸ್ನಾಯುನ ಮೂಳೆಗೆ ಕಟ್ಟೋ ಹುರಿ. ಮಧ್ಯದ ಗುಂಡಿಗೆ ಇನ್ನೊಂದು ಕೈ ಬೆರಳು ಒತ್ತು. ಕೆಳಗೆ ಸಿಗೋ ಮೂಳೆ ಸ್ಕೇಫಾಯ್ಡ್, ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಒಂದು. ಬೀಳೋವಾಗ ಕೈ ಊರಿದ್ರೆ ಈ ಎಂಟರಲ್ಲಿ ಹೆಚ್ಚಾಗಿ ಮುರಿಯೋದು ಇದು. ಇದಕ್ಕೂ ರಕ್ತ ಹೆಚ್ಚಿನಂಶ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತೆ, ಮಧ್ಯಕ್ಕೆ ಮುರಿದ್ರೆ ಮುಂಗೈ ಕಡೆ ತುಂಡು ಸಾಯಬಹುದು. ಅಜ್ಜಿ ಸೊಂಟದ್ದೇ ಕಥೆ ನಿನ್ನ ಮಣಿಕಟ್ಟಲ್ಲೂ ಇದೆ ನೋಡು. ಕ್ಲಾಸ್ ಶುರುವಾಗೋ ತನಕ ಹಿಂಗೆ ನಿನ್ನ ಮೈನೇ ಮುಟ್ಟಿ ಮುಟ್ಟಿ ನೋಡು, ಮೊಣಕೈ ಒಳಬದಿಗೆ ಏಟು ಬಿದ್ರೆ ಕಿರುಬೆರಳು ಯಾಕೆ ಜುಮ್ ಅನ್ನುತ್ತೆ ಅಂತ ನೀನೇ ಹುಡುಕಿ ಇಲ್ಲಿ ಬರೀ, ನಾನು ನೋಡ್ತೀನಿ.

ತಡವಾಗಿ_ಬಂದೆ:

ನಾನೂ ಡಿಫರ್ ಮಾಡಿಸ್ಕೊಂಡು ಸೇರಿದೋನು, ಈಗ ಇಂಟರ್ನ್. ಮೇಲೆ ಎಲ್ರೂ ಒಳ್ಳೇದೇ ಹೇಳಿದಾರೆ. ನಂಗೆ ಕಾಣ್ತಿರೋದು ನೀವು ಬರೀದೇ ಬಿಟ್ಟಿರೋದು. ಮನೇಲಿ ಇರೋದು ಇಬ್ರೇ ಅಂದ್ರಿ, ಅಜ್ಜಿ ವಾಕರ್ ಹಿಡ್ಕೊಂಡು ಓಡಾಡ್ತಾರೆ ಅಂದ್ರಿ, ನೀವು ಹೋದ್ಮೇಲೆ ಅವ್ರ ಜೊತೆ ಯಾರು ಅಂತ ಹೇಳ್ಲಿಲ್ಲ.

ಕೆದಕ್ತಿದೀನಿ ಅನ್ಕೋಬೇಡಿ. ನಾನು ಡಿಫರ್ ಮಾಡಿದ್ದು ಅಪ್ಪನ ಕಾಯಿಲೆಗೆ, ಆಗ ಏರ್ಪಾಡು ಎಲ್ಲಾ ಆಗುತ್ತೆ ಬಿಡು ಅಂದ್ಕೊಂಡು ಸೇರಿದೆ. ಮೊದಲ ಸೆಮಿಸ್ಟರ್ ಪೂರ್ತಿ ಲೆಕ್ಚರಲ್ಲಿ ಕೂತು ಫೋನ್ ನೋಡೋದೇ ಆಯ್ತು, ಮಾತ್ರೆ ತಗೊಂಡ್ರಾ, ಬಿದ್ರಾ, ಯಾಕೆ ಫೋನ್ ಎತ್ತಿಲ್ಲ. ಅನಾಟಮಿ ಕಷ್ಟ ಇತ್ತು ಅಂತ ಫೇಲಾಗ್ಲಿಲ್ಲ ನಾನು, ತಲೆ ಅಲ್ಲಿರ್ಲಿಲ್ಲ ಅಂತ ಫೇಲಾದೆ. ಈ ಐದು ತಿಂಗಳಲ್ಲಿ ನಿಮ್ಮ ದೊಡ್ಡ ಕೆಲಸ ಅದು ಅಂತ ನಂಗನ್ಸುತ್ತೆ. ಯಾರು ಇರ್ತಾರೆ, ರಾತ್ರಿ ಯಾರು, ಮಾತ್ರೆ ಯಾರು ಕೊಡ್ತಾರೆ, ಏನಾದ್ರೂ ಆದ್ರೆ ಮೊದಲು ಯಾರಿಗೆ ಫೋನ್ ಹೋಗುತ್ತೆ, ಅದು ಕ್ಲಾಸಲ್ಲಿರೋ ನಿಮಗಾ ಇಲ್ಲಾ ಹತ್ರ ಇರೋರಿಗಾ. ಎಲ್ಲಾ ಬರೆದು ಗೋಡೆಗೆ ಅಂಟಿಸಿ. ಆಮೇಲೆ ನೀವು ಮನೇಲಿ ಇರೋವಾಗಲೇ ಒಂದೆರಡು ವಾರ ನೀವಿಲ್ಲ ಅನ್ನೋ ಥರ ನಡೆಸಿ ನೋಡಿ, ಎಲ್ಲಿ ತಪ್ಪುತ್ತೆ ಅಂತ ಆಗ ಗೊತ್ತಾಗುತ್ತೆ. ಕಾಲೇಜಲ್ಲಿ ಸ್ಟೂಡೆಂಟ್ಸ್ ವಿಷಯ ನೋಡ್ಕೊಳ್ಳೋರಿಗೂ ಸೇರೋ ಮುಂಚೆನೇ ಒಂದು ಮೇಲ್ ಹಾಕಿ, ಮನೇಲಿ ಹಿಂಗಿದೆ ಅಂತ. ನಾನು ಫೇಲಾದ ಮೇಲೆ ಹೇಳ್ದೆ.

ಹೊಸಪುಟ:

ಇಷ್ಟೆಲ್ಲಾ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಹನ್ನೊಂದು ದಿನ ಆಯ್ತು, ಕೆಲವು ಮಾಡಿದೀನಿ.

ಲಸಿಕೆ ಕಾರ್ಡ್ ಅಜ್ಜಿ ಟ್ರಂಕಲ್ಲೇ ಇತ್ತು, ಅದ್ರಲ್ಲಿ ಹೆಪಟೈಟಿಸ್ ಬಿ ಇಲ್ಲ, ಮೊನ್ನೆ ಮೊದಲ ಡೋಸ್ ಹಾಕಿಸ್ಕೊಂಡೆ. ಡಿಫರ್ ಪತ್ರ ತೆಗೆದು ನೋಡಿದೆ, ಖಚಿತ ಮಾಡೋ ತಾರೀಖಿಗೆ ಒಂಬತ್ತೇ ದಿನ ಉಳಿದಿತ್ತು, ಕೈ ನಡುಗಿಹೋಯ್ತು. ಅವತ್ತೇ ಮೇಲ್ ಹಾಕಿದೆ, ಉತ್ತರ ಬಂದಿದೆ. @ಎರಡನೇ_ವರ್ಷ ಅಣ್ಣಾ, ನೀವು ಹೇಳ್ದೆ ಇದ್ದಿದ್ರೆ ಸೀಟು ಹೋಗಿರ್ತಿತ್ತೋ ಏನೋ.

@ಟೇಬಲ್_ಪಕ್ಕ ಮೇಡಂ, ಎಕ್ಸ್‌ರೇ ಕಿಟಕಿಗೆ ಹಿಡಿದು ಅಜ್ಜಿಗೂ ತೋರಿಸ್ದೆ. ಇಷ್ಟು ದಿನ ಯಾರೂ ಅವ್ರಿಗೆ ಯಾಕೆ ಮೂಳೆ ತೆಗೆದ್ರು ಅಂತ ಬಿಡಿಸಿ ಹೇಳಿರ್ಲಿಲ್ಲ ಅಂತೆ. ಮೊಣಕೈದು ಅಲ್ನಾರ್ ನರ, ಮೂಳೆ ಉಬ್ಬಿನ ಹಿಂದೆ ಚರ್ಮದ ಕೆಳಗೇ ಹೋಗುತ್ತೆ, ಕಿರುಬೆರಳು ಮತ್ತೆ ಉಂಗುರ ಬೆರಳಿನ ಅರ್ಧಕ್ಕೆ ಅದೇ. ಪುಸ್ತಕ ನೋಡ್ದೆ ಬರ್ದಿದೀನಿ.

@ತಡವಾಗಿ_ಬಂದೆ, ನೀವು ಕೇಳಿದ್ದು ಓದಿ ಎರಡು ದಿನ ಉತ್ತರ ಬರೀಲಿಲ್ಲ. ನಿಜ ಹೇಳ್ಬೇಕಂದ್ರೆ ಅದನ್ನ ಯೋಚ್ನೆ ಮಾಡೋಕೆ ಭಯ ಆಗಿ ಅನಾಟಮಿ ಪುಸ್ತಕ ತೆಗೆದಿದ್ದೆ ಅನ್ಸುತ್ತೆ. ಅಜ್ಜಿನೇ ಕೇಳ್ದೆ, ನಾನು ಹೋದ್ರೆ ಹೇಗೆ ಅಂತ. ಅವ್ರು ಚಿಕ್ಕಮ್ಮನ ಜೊತೆ ಆಗ್ಲೇ ಮಾತಾಡಿಟ್ಟಿದಾರೆ, ನಾನೇ ಕೇಳ್ಲಿ ಅಂತ ಕಾಯ್ತಿದ್ರಂತೆ. ಚಿಕ್ಕಮ್ಮ ಸೋಮವಾರದಿಂದ ಎರಡು ವಾರ ಬಂದಿರ್ತಾರೆ. ನಾನು ಬೆಳಿಗ್ಗೆ ಎಂಟಕ್ಕೆ ಲೈಬ್ರರಿಗೆ ಹೋಗಿ ಸಾಯಂಕಾಲ ಐದಕ್ಕೆ ಬರೋದು, ಮಧ್ಯೆ ಒಂದೇ ಸಲ ಫೋನ್ ಮಾಡೋದು ಅಂತ ಮಾಡ್ಕೊಂಡಿದೀವಿ.

ತಡವಾಗಿ_ಬಂದೆ:

ಆ ಒಂದು ಫೋನ್ ಕೂಡ ಅಜ್ಜಿನೇ ಮಾಡ್ಲಿ, ನೀವು ಮಾಡ್ಬೇಡಿ. ಎರಡು ವಾರ ಆದ್ಮೇಲೆ ಹೇಗಾಯ್ತು ಅಂತ ಬಂದು ಬರೀರಿ.

ಎರಡನೇ_ವರ್ಷ:

ಎರಡನೇ ಡೋಸಿನ ತಾರೀಖು ಈಗಲೇ ಫೋನಲ್ಲಿ ಅಲಾರಂ ಇಡು ತಂಗಿ.