ಹಳೇ ಐ7 ಒಳ್ಳೇದಾ, ಹೊಸ ಐ3 ಒಳ್ಳೇದಾ?

ಪ್ರಶ್ನೆ (ಕಲಬುರಗಿ ಗಂಜ್): ಸರ್ ನಮಸ್ಕಾರ. ನಮ್ಮದು ತೊಗರಿ ಬೇಳೆ ವ್ಯಾಪಾರ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಇಷ್ಟೇ ಕೆಲಸ. ಒಬ್ಬರು ಇಂಟೆಲ್ ಐ7-4770 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಕೊಡ್ತೀನಿ ಅಂತಿದ್ದಾರೆ. ಸ್ವಲ್ಪ ದುಡ್ಡು ಸೇರಿಸಿದರೆ ಹೊಸ ಐ3-12100 ಬರುತ್ತದೆ. ಐ7 ಅಂದ್ರೆ ದೊಡ್ಡದು ಅಲ್ವಾ?

ಉತ್ತರ: ಸಾವ್ಕಾರ್ರೇ ನಮಸ್ಕಾರ. ಐ3 ತಗೊಳ್ಳಿ. ಬರೀ ಐ7 ಅನ್ನೋದು ನೋಡಬೇಡಿ, ಪಕ್ಕದ ನಂಬರ್ ಪೂರ್ತಿ ಓದಿ. 4770 ಅಂದರೆ ನಾಲ್ಕನೇ ಜನರೇಷನ್, 2013ರ ಮಾಲು. 12100 ಹನ್ನೆರಡನೇ ಜನರೇಷನ್, 2022ರಲ್ಲಿ ಬಂದದ್ದು. ಎರಡರಲ್ಲೂ 4 ಕೋರ್ (ಲೆಕ್ಕ ಮಾಡುವ ಭಾಗ), 8 ಥ್ರೆಡ್ (ಒಂದೇ ಸಲ ನಡೆಸಬಲ್ಲ ಕೆಲಸದ ಎಳೆ). ಗರಿಷ್ಠ ವೇಗವೂ 3.9 ಮತ್ತು 4.3 ಗಿಗಾಹರ್ಟ್ಸ್, ಹೇಳಿಕೊಳ್ಳುವಂಥ ಫರಕು ಕಾಣಲ್ಲ. ಆದರೆ ಅಷ್ಟೇ ವೇಗದಲ್ಲಿ ಹೊಸ ಕೋರ್ ಮಾಡುವ ಕೆಲಸ ಬಹಳ ಜಾಸ್ತಿ. ನಿಮ್ಮ ಟ್ಯಾಲಿ, ಎಕ್ಸೆಲ್‌ಗೆ ರಾಶಿ ಕೋರ್ ಬೇಕಿಲ್ಲ, ಒಂದೊಂದು ಕೋರ್ ಚುರುಕಾಗಿರಬೇಕು.

ಇನ್ನೊಂದು ದೊಡ್ಡ ಕಾರಣ ಇದೆ. ವಿಂಡೋಸ್ 10ರ ಸಪೋರ್ಟ್, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಇಲ್ಲವೇ ಅದಕ್ಕಿಂತ ಹೊಸದು ಬೇಕು, ಆ 4770 ಬರೀ ನಾಲ್ಕನೆಯದು. ಬ್ಯಾಂಕು, ಜಿಎಸ್‌ಟಿ ಪಾಸ್‌ವರ್ಡ್ ಹಾಕುವ ಯಂತ್ರ ಇದು, ದಯವಿಟ್ಟು ಹಳೇದಕ್ಕೆ ಹೋಗಬೇಡಿ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಹಾಕಿಸೋದು ಮರೆಯಬೇಡಿ.

ಪ್ರಶ್ನೆ (ಅವರೇ): 12100ಎಫ್ ಅಂತ ಇನ್ನೊಂದು ಇದೆ, ಕಮ್ಮಿಗೆ ಸಿಗುತ್ತೆ ಅಂತಾರೆ?

ಉತ್ತರ: ನಿಮಗೆ ಬೇಡ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ. ಬೇರೆ ಕಾರ್ಡ್ ಹಾಕದೆ ಸ್ಕ್ರೀನ್ ಮೇಲೆ ಏನೂ ಬರಲ್ಲ.

ಪ್ರಶ್ನೆ (ಬೀದರ್): ಅಣ್ಣಾ, ನಾನು ಇಂಜಿನಿಯರಿಂಗ್ ಓದ್ತಿದ್ದೀನಿ. ರಜೆಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಆಗಾಗ ಗೇಮ್. ಗ್ರಾಫಿಕ್ಸ್ ಕಾರ್ಡ್‌ಗೆ ಈಗ ದುಡ್ಡಿಲ್ಲ. ಎಎಂಡಿ ಕಂಪನಿಯ ರೈಜನ್ 5 5600ಜಿ, ಇಂಟೆಲ್ ಐ5-12400, ಯಾವುದು?

ಉತ್ತರ: ತಮ್ಮಾ, ಎರಡೂ 6 ಕೋರ್, 12 ಥ್ರೆಡ್. ಗೇಮ್ ಒಂದೇ ಆಗಿದ್ದರೆ 5600ಜಿ ಅಂತಿದ್ದೆ, ಅದರೊಳಗಿನ ವೇಗಾ ಗ್ರಾಫಿಕ್ಸ್‌ಗೆ ಜೋರು ಜಾಸ್ತಿ. ನಿನಗೆ ದುಡಿಮೆ ವಿಡಿಯೋದಿಂದ. ಹಾಗಾಗಿ 12400. ಇಂಟೆಲ್‌ನ ಕ್ವಿಕ್ ಸಿಂಕ್, ಅಂದರೆ ವಿಡಿಯೋಗೆಂದೇ ಇರುವ ಒಳಗಿನ ಭಾಗ, ಕ್ಯಾಮೆರಾ ಫೈಲ್ ಬಿಚ್ಚುವುದನ್ನೂ ಎಕ್ಸ್‌ಪೋರ್ಟ್ ಮಾಡುವುದನ್ನೂ ಹಗುರ ಮಾಡುತ್ತೆ. ನಿನ್ನ ಸಾಫ್ಟ್‌ವೇರ್ ಅದನ್ನು ಬಳಸುತ್ತಾ ಅಂತ ಮೊದಲೇ ನೋಡಿಕೋ. ಯಾವುದೇ ತಗೊಂಡರೂ 16 ಜಿಬಿಯ ಒಂದೇ ರ‍್ಯಾಮ್ ಬೇಡ, 8 ಜಿಬಿಯ ಎರಡು ಹಾಕಿಸು. ಒಳಗಿನ ಗ್ರಾಫಿಕ್ಸ್ ರ‍್ಯಾಮ್‌ನ್ನೇ ಬಳಸುತ್ತೆ. ಎರಡಿದ್ದರೆ ಓಟ ಚೆನ್ನಾಗಿರುತ್ತೆ.

ಪ್ರಶ್ನೆ (ಯಾದಗಿರಿ): ಸರ್, ನಮ್ಮದು ಆನ್‌ಲೈನ್ ಸೆಂಟರ್. ಅರ್ಜಿ ತುಂಬೋದು, ಸ್ಕ್ಯಾನ್, ನುಡಿಯಲ್ಲಿ ಟೈಪಿಂಗ್. ಕರೆಂಟ್ ಹೋಗುತ್ತೆ ಅಂತ ಲ್ಯಾಪ್‌ಟಾಪೇ ಬೇಕು. ರೈಜನ್ 3 7320ಯು, ಐ3-1215ಯು ಎರಡು ತೋರಿಸಿದ್ದಾರೆ. 7000 ಸೀರೀಸ್ ಹೊಸದು ಅಲ್ವಾ?

ಉತ್ತರ: ಅಕ್ಕಾ, ಆ 7320ರ ಮೂರನೇ ಅಂಕಿ ನೋಡಿ, 2 ಇದೆ. ಅಂದರೆ ಒಳಗಿರೋದು ಎಎಂಡಿಯ ಝೆನ್ 2 ಕೋರ್, 2019ರಲ್ಲೇ ಬಂದ ವಿನ್ಯಾಸ. ಹೆಸರಷ್ಟೇ ಹೊಸದು. ಮೇಲಾಗಿ ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಸೇರಿಸೋಕೆ ಆಗಲ್ಲ. 1215ಯು ತಗೊಳ್ಳಿ, ರ‍್ಯಾಮ್ ಸ್ಲಾಟ್ ಇರುವ ಮಾಡೆಲ್ ಕೇಳಿ. ಬ್ರೌಸರ್‌ನಲ್ಲಿ ಹತ್ತು ಹದಿನೈದು ಟ್ಯಾಬ್ ತೆರೆದಿಡುವ ನಿಮಗೆ 8 ಜಿಬಿ ಸಾಲಲ್ಲ.

ಪ್ರಶ್ನೆ (ಅವರೇ): ನಮ್ಮ ಬೇಸಿಗೆಗೆ ತಡೆಯುತ್ತಾ?

ಉತ್ತರ: ತಡೆಯುತ್ತೆ. ಜಾಸ್ತಿ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ, ಕೆಲಸ ನಿಧಾನ ಆಗುತ್ತೆ ಅಷ್ಟೇ. ಏಪ್ರಿಲ್ ಬರೋ ಮುಂಚೆ ಫ್ಯಾನ್ ಧೂಳು ತೆಗೆಸಿ. ಲ್ಯಾಪ್‌ಟಾಪ್‌ನ್ನು ಅರ್ಜಿ ಕಟ್ಟಿನ ಮೇಲೆ ಇಡಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತೆ.