ಬ್ರೇಕ್ ಒತ್ತಿದರೆ ಎಡ ಇಂಡಿಕೇಟರ್ ಮಿನುಗುತ್ತದೆ: ಬಾಡಿ ಶಾಪ್‌ನಿಂದ ಬಂದ ಮೇಲೆ ಶುರುವಾದ ತೊಂದರೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಸಿಗ್ನಲ್‌ನಲ್ಲಿ ನಿಂತಿದ್ದಾಗ ವ್ಯಾನ್ ಒಂದು ಹಿಂದಿನಿಂದ ಬಂದು ನನ್ನ ಕಾರಿಗೆ ಗುದ್ದಿತು. ಎಡಗಡೆ ಹಿಂದಿನ ಮೂಲೆ ಒಳಗೆ ಹೋಗಿತ್ತು. ಬಂಪರ್ ಬದಲಿಸಿ, ತಗಡು ಎಳೆದು, ಪೇಂಟ್ ಹೊಡೆದು ಹನ್ನೊಂದು ದಿನಕ್ಕೆ ಕೊಟ್ಟರು. ಬಣ್ಣ ಎಷ್ಟು ಚೆನ್ನಾಗಿ ಕೂಡಿದೆ ಅಂದರೆ ಪೆಟ್ಟು ಬಿದ್ದ ಜಾಗ ನನಗೇ ಗೊತ್ತಾಗುವುದಿಲ್ಲ.

ತೊಂದರೆ ಲೈಟುಗಳದ್ದು. ಬ್ರೇಕ್ ಒತ್ತಿದರೆ ಎಡ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್‌ನ ಹಸಿರು ಬಾಣವೂ ಸಣ್ಣಗೆ ಕಾಣುತ್ತದೆ. ರಾತ್ರಿ ಲೈಟ್ ಹಾಕಿಕೊಂಡು ಎಡಕ್ಕೆ ಇಂಡಿಕೇಟರ್ ಕೊಟ್ಟರೆ, ಹಿಂದಿನ ಕೆಂಪು ಲೈಟೂ ಅದರ ಜೊತೆ ಮಿಡಿಯುತ್ತದೆ. ಬಲಗಡೆ ಎಲ್ಲ ಸರಿಯಾಗಿದೆ. ಇದರ ಜೊತೆಗೆ ಇನ್ನೆರಡು. ಒಮ್ಮೆ ಒತ್ತಿದರೆ ಪೂರ್ತಿ ಮೇಲೇರುತ್ತಿದ್ದ ನನ್ನ ಕಡೆಯ ಗಾಜು ಈಗ ಬೆರಳು ತೆಗೆದ ಕೂಡಲೇ ನಿಲ್ಲುತ್ತದೆ. ಮೂರು ದಿನ ನಿಲ್ಲಿಸಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಕಾರಿಗೆ 14 ವರ್ಷ. ಎಲ್ಲ ಹಳೇ ಕಾಲದ ತಂತಿ ಬಲ್ಬುಗಳು. ಶಾಪ್‌ನವರು ಎರಡು ಬಲ್ಬ್ ಬದಲಿಸಿದರು, ಏನೂ ಆಗಲಿಲ್ಲ. ಈಗ ಒಳಗಿನ ಕಂಟ್ರೋಲ್ ಬಾಕ್ಸ್ ಹೋಗಿದೆ, ಬದಲಿಸಬೇಕು ಅನ್ನುತ್ತಿದ್ದಾರೆ. ನನಗೆ ನಂಬಿಕೆ ಬರುತ್ತಿಲ್ಲ. ಗುದ್ದುವ ಹಿಂದಿನ ದಿನದವರೆಗೂ ಒಂದು ಬಲ್ಬೂ ತಪ್ಪು ಮಾಡಿರಲಿಲ್ಲ. ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಬರುತ್ತಿರುತ್ತೇನೆ. ನಾನು ಬ್ರೇಕ್ ಹಾಕಿದರೆ ಹಿಂದೆ ಬರುವವರು ಎಡಕ್ಕೆ ತಿರುಗುತ್ತಿದ್ದೇನೆ ಅಂದುಕೊಂಡರೆ ಗತಿಯೇನು? ಎಲ್ಲಿಂದ ಹುಡುಕಲಿ?

ಉತ್ತರ 1

ಕಂಟ್ರೋಲ್ ಬಾಕ್ಸ್ ಸದ್ಯಕ್ಕೆ ಮುಟ್ಟಬೇಡಿ. ನೀವು ಹೇಳುತ್ತಿರುವುದು ಅರ್ಥಿಂಗ್ (ಕರೆಂಟ್ ಕಾರಿನ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ) ತೊಂದರೆಯ ಲಕ್ಷಣ.

ಹಿಂದಿನ ಲ್ಯಾಂಪಿನಲ್ಲಿ ಬ್ರೇಕ್, ಇಂಡಿಕೇಟರ್, ಕೆಂಪು ಲೈಟು ಎಲ್ಲಕ್ಕೂ ಕರೆಂಟ್ ಬರುವ ದಾರಿ ಬೇರೆ ಬೇರೆ. ವಾಪಸ್ ಹೋಗುವ ದಾರಿ ಸಾಮಾನ್ಯವಾಗಿ ಒಂದೇ. ಆ ವೈರ್ ಹತ್ತಿರದಲ್ಲೇ ಬಾಡಿಯ ತಗಡಿಗೆ ಒಂದು ಬೋಲ್ಟ್‌ನಲ್ಲಿ ಕೂತಿರುತ್ತದೆ. ಆ ಬೋಲ್ಟ್ ಕೆಳಗೆ ಪ್ರೈಮರ್, ಪೇಂಟ್ ಸೇರಿಕೊಂಡರೆ ದಾರಿ ಮುಚ್ಚಿದ ಹಾಗೆ. ಆಗ ಬ್ರೇಕ್ ಬಲ್ಬಿನಿಂದ ಬಂದ ಕರೆಂಟ್ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ವೈರ್ ಹಿಡಿದು ಮುಂದಿನ ಎಡ ಇಂಡಿಕೇಟರ್‌ವರೆಗೂ ಹೋಗಿ, ಅಲ್ಲಿ ಬಾಡಿಗೆ ಇಳಿಯುತ್ತದೆ. ನಿಮಗೆ ಕಾಣುವ ಮಂಕು ಬೆಳಕು ಅದೇ. ಬ್ರೇಕ್ ಒತ್ತಿಸಿ ಮುಂದಿನ ಎಡ ಇಂಡಿಕೇಟರ್ ನೋಡಿ. ಅದೂ ಸಣ್ಣಗೆ ಹೊತ್ತುತ್ತಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿ.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಲ್ಯಾಂಪಿನ ಅರ್ಥ್ ವೈರಿಗೆ (ಹೆಚ್ಚಾಗಿ ಕಪ್ಪು ಅಥವಾ ಕಂದು), ಇನ್ನೊಂದು ಪೇಂಟ್ ಇಲ್ಲದ ಲೋಹಕ್ಕೆ. ಡಿಕ್ಕಿ ಲಾಕ್ ಕೊಂಡಿ ಒಳ್ಳೆಯ ಜಾಗ. ಯಾರಾದರೂ ಬ್ರೇಕ್ ಒತ್ತಲಿ. 0.1 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ತಪ್ಪು ಅಲ್ಲೇ ಇದೆ.

ದಯವಿಟ್ಟು ಮೀಟರನ್ನು ಓಮ್‌ಗೆ (ರೆಸಿಸ್ಟೆನ್ಸ್ ನೋಡುವುದಕ್ಕೆ) ಇಟ್ಟು ಅಳೆಯಬೇಡಿ. ಶಾಪ್‌ಗಳಲ್ಲಿ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಮೀಟರ್ ಕಳಿಸುವುದು ಚೂರೇ ಚೂರು ಕರೆಂಟ್. ಒಂದು ಎಳೆ ತಂತಿ ತಾಗಿಕೊಂಡಿದ್ದರೂ ಸರಿ ಇದೆ ಅಂತ ತೋರಿಸಿಬಿಡುತ್ತದೆ. ಬ್ರೇಕ್ ಬಲ್ಬು 21 ವ್ಯಾಟ್, ಅಂದರೆ 12 ವೋಲ್ಟಿಗೆ ಸುಮಾರು 1.75 ಆಂಪಿಯರ್. ಆ ಹೊರೆ ಹೊರಿಸಿದಾಗಲೇ ಜೋಡಣೆಯ ನಿಜ ಬಣ್ಣ ಗೊತ್ತಾಗುವುದು.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಬಲ್ಬ್ ಬದಲಿಸಿದ್ದಾರೆ ಅಂದಿರಿ, ಅದನ್ನೂ ಒಮ್ಮೆ ಬಿಚ್ಚಿ ನೋಡಿ. ಕೆಂಪು ಲೈಟು, ಬ್ರೇಕು ಎರಡೂ ಒಂದೇ ಬಲ್ಬಿನಲ್ಲಿದ್ದರೆ ಅದು ಒಳಗೆ ಎರಡು ತಂತಿ ಇರುವ 21/5 ವ್ಯಾಟಿನ (ಬ್ರೇಕಿಗೆ 21, ಕೆಂಪು ಲೈಟಿಗೆ 5) ಬಲ್ಬ್. ಅದರ ಜಾಗಕ್ಕೆ ಒಂದೇ ತಂತಿಯದ್ದನ್ನು ಒತ್ತಿ ಕೂರಿಸಿದರೆ, ಬುಡದ ಒಂದೇ ಬೊಟ್ಟು ಹೋಲ್ಡರಿನ ಎರಡೂ ಕಡ್ಡಿಗಳನ್ನು ಸೇರಿಸಿಬಿಡುತ್ತದೆ. ಆಗಲೂ ಇಂಥದ್ದೇ ವಿಚಿತ್ರ ಶುರುವಾಗುತ್ತದೆ.

ಗಾಜಿನದು ದೊಡ್ಡ ವಿಷಯ ಅಲ್ಲ. ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ಬಿಚ್ಚುತ್ತಾರೆ, ಬಿಚ್ಚಲೇಬೇಕು. ಆಗ ಎಷ್ಟೋ ಕಾರುಗಳಲ್ಲಿ ಗಾಜಿನ ಮೋಟರ್ ತನ್ನ ಕೊನೆ ಎಲ್ಲಿ ಅನ್ನುವುದನ್ನು ಮರೆಯುತ್ತದೆ. ಪೂರ್ತಿ ಕೆಳಗಿಳಿಸಿ, ಆಮೇಲೆ ಮೇಲೇರಿಸಿ. ಗಾಜು ಮುಚ್ಚಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದೇ ಹಿಡಿದಿರಿ. ನಿಮ್ಮ ಕಾರಿನ ಸರಿಯಾದ ಕ್ರಮ ಓನರ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಪ್ರಶ್ನೆ ಕೇಳಿದವರಿಂದ

ಇವತ್ತು ಬೆಳಗ್ಗೆ ತಂಗಿಯನ್ನು ಬ್ರೇಕ್ ಮೇಲೆ ಕೂರಿಸಿ ಅಳೆದೆ. ಎಡಗಡೆ 4.2 ವೋಲ್ಟ್! ಬಲಗಡೆ 0.04. ಮುಂದಿನ ಎಡ ಇಂಡಿಕೇಟರ್ ಕೂಡ ಹೊತ್ತುತ್ತಿತ್ತು. ಬಲ್ಬುಗಳು ಸರಿಯಾದವೇ.

ಡಿಕ್ಕಿಯ ಎಡ ಪಕ್ಕದ ಹೊದಿಕೆ ಬಿಚ್ಚಿದೆ. ಬೋಲ್ಟ್ ಹೊಸದರಂತೆ ಮಿನುಗುತ್ತಿತ್ತು, ವೈರಿನ ಉಂಗುರವೂ ಗಟ್ಟಿಯಾಗಿತ್ತು. ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಬೋಲ್ಟ್ ಬಿಚ್ಚಿದ ಮೇಲೆ ಕಂಡಿದ್ದು ಉಂಗುರದ ಕೆಳಗೆ ದಪ್ಪ ಬೂದು ಪ್ರೈಮರ್, ಅದರ ಮೇಲೆ ಕಾರಿನ ಬಣ್ಣ. ಬೋಲ್ಟಿನ ಕೆಲವು ಸುತ್ತು ಮಾತ್ರ ಲೋಹಕ್ಕೆ ತಾಗುತ್ತಿತ್ತು.

ಈಗ ಎಷ್ಟು ಕೆರೆಯಲಿ? ಹೊಸ ಪೇಂಟು, ಆಮೇಲೆ ತುಕ್ಕು ಹಿಡಿದೀತು ಅಂತ ಭಯ.

ಉತ್ತರ 1

ಉಂಗುರ ಕೂರುವಷ್ಟು ಜಾಗ ಮಾತ್ರ ಎಮರಿ ಪೇಪರಿನಲ್ಲಿ ಉಜ್ಜಿ, ಲೋಹ ಹೊಳೆಯುವವರೆಗೆ. ಉಂಗುರದ ಎರಡೂ ಮುಖ, ಬೋಲ್ಟಿನ ಸುತ್ತುಗಳನ್ನೂ ಉಜ್ಜಿ. ಮೊದಲು ಬಿಗಿ ಮಾಡಿ, ಮತ್ತೆ ಅಳೆಯಿರಿ. ಅಳತೆ ಸರಿ ಬಂದ ಮೇಲೆ ಅದರ ಮೇಲೆಲ್ಲ ಗ್ರೀಸೋ ಪೇಂಟೋ ಬಳಿಯಿರಿ. ನೀರು ಒಳಗೆ ಹೋಗದಿದ್ದರೆ ತುಕ್ಕಿನ ಭಯವಿಲ್ಲ. ಸುಮ್ನೆ ಬೇರೆ ಕಡೆ ತೂತು ಕೊರೆದು ಸ್ಕ್ರೂ ಹಾಕಲು ಹೋಗಬೇಡಿ. ತಗಡಿನ ಆಚೆ ಏನಿದೆ ಅಂತ ಗೊತ್ತಿರುವುದಿಲ್ಲ.

ಉತ್ತರ 3

ಮೂರು ದಿನಕ್ಕೆ ಬ್ಯಾಟರಿ ಇಳಿಯುವುದು ಅರ್ಥಿಂಗ್‌ನಿಂದ ಅಲ್ಲ. ಹಿಂದೆ ಗುದ್ದಿದ ಗಾಡಿ ಅಲ್ವಾ? ಡಿಕ್ಕಿ ಮುಚ್ಚಳ ಒಂದು ಚೂರು ಬೇರೆ ಥರ ಕೂತಿದ್ದರೂ ಒಳಗಿನ ಲೈಟಿನ ಸ್ವಿಚ್ ಒತ್ತಿಕೊಳ್ಳುವುದಿಲ್ಲ. ಫೋನಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ. 5 ವ್ಯಾಟಿನ ಬಲ್ಬು ದಿನವಿಡೀ ಉರಿದರೆ ಬ್ಯಾಟರಿಯಿಂದ ಸುಮಾರು 10 ಆಂಪಿಯರ್-ಅವರ್ ಚಾರ್ಜ್ ಹೋಗುತ್ತದೆ. ಸಣ್ಣ ಕಾರಿನ ಬ್ಯಾಟರಿಗೆ ಮೂರು ದಿನ ಅಂದರೆ ಮುಗಿದ ಹಾಗೆಯೇ.

ಪ್ರಶ್ನೆ ಕೇಳಿದವರಿಂದ

ಉಜ್ಜಿ ಬಿಗಿ ಮಾಡಿದೆ. ಎಡಗಡೆ ಈಗ 0.03 ವೋಲ್ಟ್. ಬ್ರೇಕ್ ಅಂದರೆ ಬ್ರೇಕ್ ಮಾತ್ರ. ತಂಗಿ ನಾಲ್ಕು ಸಲ ಒತ್ತಿದಳು, ನಾನು ಹಿಂದೆ ನಿಂತು ನಾಲ್ಕು ಸಲವೂ ನೋಡಿದೆ. ಮ್ಯಾನ್ಯುಯಲ್ ನೋಡಿ ಮಾಡಿದೆ, ಗಾಜೂ ಸರಿಯಾಯಿತು.

ವಿಡಿಯೊದಲ್ಲಿ ಡಿಕ್ಕಿ ಮುಚ್ಚಿದ ಮೇಲೂ ಲೈಟ್ ಆರಲಿಲ್ಲ. ಸದ್ಯಕ್ಕೆ ಆ ಬಲ್ಬ್ ತೆಗೆದಿಟ್ಟಿದ್ದೇನೆ. ಸೋಮವಾರ ಶಾಪ್‌ಗೆ ಹೋಗಿ ಮುಚ್ಚಳ ಸರಿಯಾಗಿ ಕೂರಿಸಿ ಅಂತ ಕೇಳುತ್ತೇನೆ. ಬೋಲ್ಟ್ ಕೆಳಗಿನ ಪೇಂಟಿನ ಫೋಟೊನೂ ಅವರಿಗೆ ತೋರಿಸುತ್ತೇನೆ, ಮುಂದಿನ ಗಾಡಿಗೆ ಹೀಗಾಗದಿರಲಿ. ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್.