ಪತಂಗ ನೋಡುವವರ ಜಾಲ: ಸೇರುವಾಗ ಆಸಕ್ತಿಗಳ ಪಟ್ಟಿ ಕೇಳಬೇಕೇ?

ನಿಶಾಚರಿ:
ಪತಂಗಗಳನ್ನು ನೋಡುವವರಿಗಾಗಿ ಸಣ್ಣದೊಂದು ಸಾಮಾಜಿಕ ಜಾಲ ಕಟ್ಟುತ್ತಿದ್ದೇನೆ. ಚಿಟ್ಟೆಗಳಿಗೆ ಅಭಿಮಾನಿಗಳು ಬೇಕಾದಷ್ಟಿದ್ದಾರೆ. ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ ರಾತ್ರಿಯೆಲ್ಲ ಕಾಯುವವರು ಒಬ್ಬರಿಗೊಬ್ಬರು ಸಿಗುವುದೇ ಕಷ್ಟ. ಸದಸ್ಯರಾಗುವಾಗಲೇ ಆಸಕ್ತಿಗಳಿಗೆ ಗುರುತು ಹಾಕಿಸಿ, ಹೆಚ್ಚು ಹೊಂದುವವರನ್ನು ಪರಸ್ಪರ ತೋರಿಸೋಣ ಎಂದು ಜೊತೆಗಿರುವ ಪ್ರೋಗ್ರಾಮರ್ ಹೇಳುತ್ತಾರೆ. ‘ಪತಂಗ’ ಎಂದು ಗುರುತು ಹಾಕಿದ ಇಬ್ಬರು ನಮಸ್ಕಾರ ಹೇಳಿಯಾದ ಮೇಲೆ ಏನು ಮಾತನಾಡುತ್ತಾರೆ? ನನಗೆ ಹೊಳೆಯುತ್ತಿಲ್ಲ.

ಎಲೆಮರೆ:
ನಿಮ್ಮ ಅನುಮಾನ ಸರಿಯಾಗಿದೆ. ಜನರನ್ನು ನೇರವಾಗಿ ಜೋಡಿಸಲು ಹೋಗಬೇಡಿ, ಅವರ ನಡುವೆ ಒಂದು ಪತಂಗವನ್ನು ಇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿದ್ಯಾರ್ಥಿಗಳು 2008ರಲ್ಲಿ ಆರಂಭಿಸಿದ, ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್ ನಡೆಯುವುದು ಹೀಗೆಯೇ. ಒಬ್ಬರು ಚಿತ್ರ, ಸ್ಥಳ, ದಿನಾಂಕ ಹಾಕುತ್ತಾರೆ. ಇನ್ನೊಬ್ಬರು ಹೆಸರು ಸೂಚಿಸುತ್ತಾರೆ. ಮೂರನೆಯವರು ರೆಕ್ಕೆಯ ಅಂಚಿನ ಗೆರೆ ತೋರಿಸಿ, ಅಲ್ಲ ಎನ್ನುತ್ತಾರೆ. ಹೆಸರಿನ ಬಗ್ಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಒಮ್ಮತ ಬಂದರೆ ಮಾತ್ರ ದಾಖಲೆ ‘ಸಂಶೋಧನಾ ದರ್ಜೆ’ಗೆ ಏರುತ್ತದೆ. ಗಮನಿಸಿ, ಮಾತು ಹುಟ್ಟಿಸುವುದೇ ಈ ನಿಯಮ. ಯಾರು ಯಾರಿಗೆ ಹೊಂದುತ್ತಾರೆ ಎಂದು ಯಂತ್ರ ಊಹಿಸಬೇಕಾಗಿಯೇ ಇಲ್ಲ. ಒಂದೇ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಪತಂಗಗಳಿಗೆ ಮತ್ತೆ ಮತ್ತೆ ಉತ್ತರಿಸುವ ಇಬ್ಬರು ತಾವಾಗಿಯೇ ಪರಿಚಿತರಾಗುತ್ತಾರೆ.

ನೂಲೆಳೆ:
ಹೆಣಿಗೆಯವರ ಜಾಲತಾಣ ರೇವೆಲ್ರಿಯೂ (2007ರಲ್ಲಿ ಆರಂಭ) ಹಾಗೆಯೇ. ಒಂದು ವಿನ್ಯಾಸದ ಪುಟದಲ್ಲಿ ಅದನ್ನು ಹೆಣೆದವರೆಲ್ಲರ ಕೆಲಸ ಸಿಗುತ್ತದೆ: ಯಾವ ನೂಲು, ಯಾವ ಅಳತೆಯ ಕಡ್ಡಿ, ತೋಳಿನಲ್ಲಿ ಏನು ಬದಲಿಸಿದರು. ಅಪರಿಚಿತರನ್ನು ಕೇಳಲು ನನಗೆ ಅಲ್ಲಿ ಎಂದೂ ಸಂಕೋಚವಾಗಿಲ್ಲ, ಏಕೆಂದರೆ ಕೇಳುವ ಪ್ರಶ್ನೆ ಕೈಯಲ್ಲಿಯೇ ಇರುತ್ತದೆ.

ನಿಶಾಚರಿ:
ಒಪ್ಪಿದೆ. ಆದರೆ ಹೊಸಬರ ಮಸುಕಾದ ಚಿತ್ರಕ್ಕೆ ಯಾರೂ ಉತ್ತರಿಸದಿದ್ದರೆ?

ಎಲೆಮರೆ:
ಅವರು ಮತ್ತೆ ಬರುವುದಿಲ್ಲ. ಆದ್ದರಿಂದ ಅನುಭವಿಗಳು ಒಳಗೆ ಬಂದೊಡನೆ ಕಾಣಬೇಕಾದದ್ದು ಉತ್ತರ ಸಿಗದ ಚಿತ್ರಗಳು. ಜನಪ್ರಿಯ ಚಿತ್ರಗಳು ಆಮೇಲೆ. ಜೊತೆಗೆ, ಎಷ್ಟೋ ಪತಂಗಗಳ ಪ್ರಭೇದವನ್ನು ಚಿತ್ರದಿಂದ ಹೇಳಲಾಗದು, ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಹಾಗಾಗಿ ‘ಕುಲದವರೆಗೆ ಮಾತ್ರ’ ಎಂಬುದೂ ಪೂರ್ಣ ಉತ್ತರವೆಂದು ಲೆಕ್ಕವಾಗಲಿ. ಇಲ್ಲದಿದ್ದರೆ ತಿಳಿದವರು ಮೌನವಾಗಿರುತ್ತಾರೆ, ಊಹಿಸುವವರು ಮುಂದೆ ಬರುತ್ತಾರೆ.

ನೀವು ಕೇಳದ ಒಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪಕ್ಷಿ ನೋಡುವವರು ಕೆರೆಗೆ ಹೋಗುತ್ತಾರೆ, ಪತಂಗ ನೋಡುವವರು ಹೆಚ್ಚಾಗಿ ಬಟ್ಟೆ ಕಟ್ಟುವುದು ಮನೆಯ ಹಿತ್ತಲಿನಲ್ಲಿಯೇ. ನಿಖರ ಸ್ಥಳ ತೋರಿಸಿದರೆ ಅದು ಅವರ ಮನೆಯ ವಿಳಾಸ. ಐನ್ಯಾಚುರಲಿಸ್ಟ್‌ನಲ್ಲಿ ಸ್ಥಳ ಮಸುಕಾಗಿಸಲು ಸದಸ್ಯರು ತಾವೇ ಆಯ್ಕೆ ಮಾಡಬಹುದು, ಆಗ ಅಕ್ಷಾಂಶ-ರೇಖಾಂಶದಲ್ಲಿ 0.2 ಡಿಗ್ರಿ (ನಮ್ಮಲ್ಲಿ ಸುಮಾರು 20 ಕಿ.ಮೀ.) ಅಗಲದ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಕಾಣುತ್ತದೆ. ನಿಮ್ಮಲ್ಲಿ ಅದನ್ನು ಆಯ್ಕೆಗೆ ಬಿಡಬೇಡಿ, ಮೊದಲ ದಿನದಿಂದಲೇ ಎಲ್ಲರಿಗೂ ಮಸುಕಾಗಿರಲಿ. ನಿಖರ ಸ್ಥಳ ತೋರಿಸಬೇಕೆನ್ನುವವರು ತಾವೇ ತೆರೆಯಲಿ.